ಹಾಜರಿ ಪುಸ್ತಕದಲ್ಲಿಲ್ಲದ ಹುದ್ದೆ: ಕೊಡಗಿನ ಕ್ಯಾಥೋಲಿಕ್ ಶಾಲೆ ಮತ್ತು ಧರ್ಮಪಾಠದ ಶಿಕ್ಷಕ

ಕೊಡಗಿನ ಯಾವುದೇ ಪೇಟೆಯಲ್ಲಿ ಬೆಳಿಗ್ಗೆ ಶಾಲೆಗೆ ಮುನ್ನ ಮದ್ರಸಕ್ಕೆ ಹೋಗುವ ಮಕ್ಕಳು ಕಾಣಸಿಗುತ್ತಾರೆ. ಅಲ್ಲಿ ಕಲಿಸುವವರಿಗೆ ಉಸ್ತಾದ್ ಎಂಬ ಹೆಸರಿದೆ, ಜಮಾಅತ್ ಕೊಡುವ ಸಂಬಳವಿದೆ, ಪಠ್ಯಕ್ರಮವಿದೆ, ಪರೀಕ್ಷೆಯಿದೆ. ಅದೇ ಪೇಟೆಯ ಕ್ಯಾಥೋಲಿಕ್ ಶಾಲೆಯಲ್ಲಿ ಧರ್ಮ ಕಲಿಸುವವರು ಯಾರು? ಸಾಮಾನ್ಯವಾಗಿ ಗಣಿತದ ಟೀಚರ್, ಕನ್ನಡದ ಮೇಷ್ಟ್ರು ಅಥವಾ ಒಬ್ಬ ಸಿಸ್ಟರ್. ಧರ್ಮಪಾಠದ ಶಿಕ್ಷಕ ಎಂಬ ಹುದ್ದೆ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಈ ವ್ಯತ್ಯಾಸ ಹೇಗೆ ಬಂತು ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ.

1784ರಲ್ಲಿ ಟಿಪ್ಪು ಸುಲ್ತಾನರು ಕರಾವಳಿಯ ಕ್ಯಾಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರ ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು. ಅಲ್ಲಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯವಿತ್ತ. 1792ರಲ್ಲಿ ತನ್ನ ಹೆಸರಿನಲ್ಲಿ ವಿರಾಜಪೇಟೆಯನ್ನು ಕಟ್ಟಿಸಿದಾಗ ಅವರಿಗೆ ಭೂಮಿಯನ್ನೂ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನ ಇಗರ್ಜಿಯ ಚರಿತ್ರೆ ಆರಂಭವಾಗುವುದು ಹೀಗೆ.

ಪಾದ್ರಿಗಳು ವಿರಳವಾಗಿದ್ದ ಆ ಕಾಲದ ದಕ್ಷಿಣ ಭಾರತದ ಮಿಷನ್‌ಗಳಲ್ಲಿ ಧರ್ಮ ಉಳಿದದ್ದು ‘ಉಪದೇಶಿ’ ಎಂಬ ಗೃಹಸ್ಥನಿಂದ. ಮಕ್ಕಳನ್ನು ಕೂರಿಸಿ ಪ್ರಶ್ನೋತ್ತರ ರೂಪದ ಜ್ಞಾನೋಪದೇಶವನ್ನು ಬಾಯಿಪಾಠ ಮಾಡಿಸುವುದು, ರೋಗಿಗಳ ಬಳಿ ಪ್ರಾರ್ಥಿಸುವುದು, ಪಾದ್ರಿ ಬರುವಷ್ಟರಲ್ಲಿ ಜನರನ್ನು ಸಂಸ್ಕಾರಗಳಿಗೆ ಸಿದ್ಧಗೊಳಿಸುವುದು ಅವನ ಕೆಲಸ. ಎಷ್ಟೋ ಕಡೆ ಮಿಷನ್ ಶಾಲೆಯ ಮೇಷ್ಟ್ರೂ ಅವನೇ. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾಯಿತು. ಮುಂದೆ ತೋಟಗಳಿಗೆ ನಾನಾ ಕಡೆಯಿಂದ ಕೂಲಿಕಾರರು ಬಂದರು. ಕ್ಯಾಥೋಲಿಕರ ನಡುವೆಯೇ ಕೊಂಕಣಿ, ತಮಿಳು, ಮಲಯಾಳ, ಕನ್ನಡ ಬೆರೆತವು. ಇಂತಹ ಕಡೆ ಧರ್ಮ ಕಲಿಸುವವನಿಗೆ ಧರ್ಮದಷ್ಟೇ ಭಾಷೆಯೂ ತಿಳಿದಿರಬೇಕಿತ್ತು.

ಅದೇ 1854ರಲ್ಲಿ ಕಂಪೆನಿ ಸರಕಾರದ ಶಿಕ್ಷಣ ನೀತಿಯನ್ನು ನಿರ್ಧರಿಸಿದ ವುಡ್‌ನ ನಿರೂಪ ಹೊರಬಿತ್ತು. 1834ರಲ್ಲೇ ಬ್ರಿಟಿಷರ ಕೈಸೇರಿದ್ದ ಕೊಡಗು ಕೂಡ ಈ ನೀತಿಯ ವ್ಯಾಪ್ತಿಯಲ್ಲಿತ್ತು. ಖಾಸಗಿ ಶಾಲೆಗಳಿಗೂ ಅನುದಾನ ಸಿಗಬಹುದು, ಆದರೆ ಅಲ್ಲಿನ ಧರ್ಮಬೋಧನೆಯನ್ನು ಇನ್‌ಸ್ಪೆಕ್ಟರು ಗಮನಕ್ಕೆ ತೆಗೆದುಕೊಳ್ಳಬಾರದು ಎಂದಿತು ಅದು. ಇದು ತಟಸ್ಥ ನೀತಿ. ಯಾರ ಧರ್ಮಕ್ಕೂ ಅಡ್ಡಿಯಿಲ್ಲ. ಆದರೆ ಯಾವ ಕೆಲಸಕ್ಕಾಗಿ ಮಿಷನ್ ಶಾಲೆ ತೆರೆಯಿತೋ ಆ ಕೆಲಸ ಸರಕಾರದ ಲೆಕ್ಕದಿಂದ ಮಾಯವಾಯಿತು. ಉಪದೇಶಿ ಟೀಚರ್ ಆದ. ಟೀಚರಾಗಿ ಮಾತ್ರ ಲೆಕ್ಕಕ್ಕೆ ಬಂದ.

1950ರ ಸಂವಿಧಾನ ಈ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಪೂರ್ತಿ ಸರಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರಬಾರದು. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸಬಾರದು ಎನ್ನುತ್ತದೆ 28ನೇ ವಿಧಿ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೇ ವಿಧಿಯಲ್ಲಿದೆ.

ಇಲ್ಲಿ ಎರಡು ಸಮುದಾಯಗಳ ದಾರಿ ಬೇರೆಯಾಯಿತು. ನೆರೆಯ ಮಲಬಾರಿನಲ್ಲಿ ಬ್ರಿಟಿಷ್ ಕಾಲದ ಮಾಪಿಳ ಶಾಲೆಗಳ ಜೊತೆಗೆ ಕುರ್‌ಆನ್ ಪಾಠವೂ ಇತ್ತು. ಸ್ವಾತಂತ್ರ್ಯದ ಬಳಿಕ ಧರ್ಮಪಾಠ ಶಾಲೆಯಿಂದ ಹೊರಬಿದ್ದಾಗ ಮುಸ್ಲಿಮರು ಪ್ರತ್ಯೇಕ ಮದ್ರಸಗಳನ್ನು ಬೆಳೆಸಿದರು. 1951ರಲ್ಲಿ ಸಮಸ್ತದ ವಿದ್ಯಾಭ್ಯಾಸ ಮಂಡಳಿ ರಚನೆಯಾಯಿತು. ಹೀಗೆ ಮದ್ರಸ ಅಧ್ಯಾಪನ ಪ್ರತ್ಯೇಕ ವೃತ್ತಿಯಾಗಿ ನಿಂತಿತು. ಕ್ಯಾಥೋಲಿಕರು ಭಾನುವಾರದ ತರಗತಿಯ ಜೊತೆಗೆ ಧರ್ಮಪಾಠವನ್ನು ಶಾಲೆಯೊಳಗೂ ಉಳಿಸಿಕೊಂಡರು. ಆದ್ದರಿಂದ ಅವರಲ್ಲಿ ಪಾಠ ಉಳಿಯಿತು, ಹುದ್ದೆ ಮೂಡಲಿಲ್ಲ.

ಚರ್ಚ್ ಈ ಕೊರತೆಯನ್ನು ಕಾಣದಿರಲಿಲ್ಲ. ಉಪದೇಶಿಗಳಿಗೆ ತರಬೇತಿ ಬೇಕು, ಪೂರ್ಣಾವಧಿ ದುಡಿಯುವವರಿಗೆ ನ್ಯಾಯವಾದ ಸಂಬಳ ಬೇಕು ಎಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧನೆ ಮತ್ತು ಆರಾಧನೆಗಾಗಿ ರಾಷ್ಟ್ರೀಯ ಕೇಂದ್ರವೊಂದು ತೆರೆಯಿತು. 1983ರ ಚರ್ಚ್ ಕಾನೂನು ಧರ್ಮಪಾಠದ ಶಿಕ್ಷಕನಲ್ಲಿ ಮೂರು ಗುಣಗಳನ್ನು ಬಯಸುತ್ತದೆ: ಸರಿಯಾದ ಬೋಧನೆ, ಅದಕ್ಕೆ ಸಾಕ್ಷಿಯಾಗುವ ಬದುಕು, ಕಲಿಸುವ ಕೌಶಲ. 2021ರಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಸೇವೆಗೆ ಚರ್ಚಿನೊಳಗೆ ಅಧಿಕೃತ ಸ್ಥಾನ ಕೊಟ್ಟರು. ಜರ್ಮನಿಯಲ್ಲಿ 1949ರ ಸಂವಿಧಾನದ ಪ್ರಕಾರ ಧರ್ಮ ಸರಕಾರಿ ಶಾಲೆಯದೇ ಒಂದು ವಿಷಯ. ಸರಕಾರಿ ಸಂಬಳದ ಶಿಕ್ಷಕನೂ ಅದನ್ನು ಬಿಷಪರ ಅನುಮತಿ ಪಡೆದು ಕಲಿಸುತ್ತಾನೆ. ನಮ್ಮಲ್ಲಿ ಅದು ಸಾಧ್ಯವೂ ಅಲ್ಲ, ಇಷ್ಟೊಂದು ಧರ್ಮಗಳ ನಾಡಿನಲ್ಲಿ ಉಚಿತವೂ ಅಲ್ಲ.

ಆದರೆ ನಮ್ಮ ಶಾಲೆಗಳ ಪದ್ಧತಿ ಬೇರೊಂದು ಹೊಣೆಯನ್ನು ಈ ಶಿಕ್ಷಕರ ಮೇಲೆ ಹೊರಿಸಿದೆ. ಕ್ಯಾಥೋಲಿಕ್ ಶಾಲೆಗಳಲ್ಲಿ ಆ ಪಿರಿಯಡ್ಡಿನ ಗಂಟೆ ಬಾರಿಸಿದಾಗ ತರಗತಿ ಎರಡಾಗುವುದು ರೂಢಿ. ಕ್ಯಾಥೋಲಿಕ್ ಮಕ್ಕಳು ಧರ್ಮಪಾಠಕ್ಕೆ, ಉಳಿದವರು ನೀತಿಪಾಠಕ್ಕೆ. ಎರಡನೆಯ ಕೋಣೆಯಲ್ಲಿ ಕೊಡವರ ಮಗು, ಗೌಡರ ಮಗು, ಬ್ಯಾರಿ ಮತ್ತು ಮಾಪಿಳರ ಮಗು ಒಟ್ಟಿಗೆ ಕುಳಿತಿರುತ್ತಾರೆ. ಸತ್ಯ, ದಯೆ, ಪ್ರಾಮಾಣಿಕತೆಯನ್ನು ಯಾವ ಮಗುವಿನ ಮನೆಯ ನಂಬಿಕೆಗೂ ನೋವಾಗದಂತೆ, ತನ್ನ ನಂಬಿಕೆಯನ್ನು ಮರೆಮಾಚದೆ ಹೇಳಿಕೊಡುವುದು ಸುಲಭದ ಕೆಲಸವಲ್ಲ. ಅದಕ್ಕೆ ಓದು ಬೇಕು, ತಯಾರಿ ಬೇಕು. ಪರೀಕ್ಷೆಯ ಅಂಕಗಳ ಒತ್ತಡದಲ್ಲಿ ಮೊದಲು ಬಲಿಯಾಗುವುದೂ ಇದೇ ಪಿರಿಯಡ್ಡು.

ಉಸ್ತಾದರಿಗೆ ಹೆಸರಿದೆ, ಆದರೆ ಸಂಬಳ ಹಲವು ಕಡೆ ಅತ್ಯಲ್ಪ. ಕ್ಯಾಥೋಲಿಕ್ ಶಾಲೆಯ ಟೀಚರಿಗೆ ಸಂಬಳವಿದೆ, ಆದರೆ ಅದು ಗಣಿತಕ್ಕೆ. ಧರ್ಮಪಾಠಕ್ಕೆ ಹೆಸರೂ ಇಲ್ಲ. ಮಕ್ಕಳ ನಡತೆ ಕೆಟ್ಟಿತೆಂದು ದೂರುವ ನಾವು, ನಡತೆ ಕಲಿಸುವವರನ್ನು ಯಾವ ಸ್ಥಾನದಲ್ಲಿ ಇಟ್ಟಿದ್ದೇವೆ ಎಂದು ಎರಡೂ ಸಮುದಾಯದವರು ಕೇಳಿಕೊಳ್ಳಬೇಕಾಗಿದೆ.