ಅಯಾನ್ ಹಿರ್ಸಿ ಅಲಿ: ಡಚ್ ಸಂಸತ್ತಿನ ಮೂರು ವರ್ಷ, ಒಂದು ಹೆಸರಿನ ವಿವಾದ

ನೆದರ್ಲೆಂಡ್ಸ್ ಸಂಸತ್ತಿನ ಕೆಳಮನೆಯಲ್ಲಿ ಅಯಾನ್ ಹಿರ್ಸಿ ಅಲಿ ಸದಸ್ಯರಾಗಿದ್ದುದು 2003ರ ಜನವರಿ 30ರಿಂದ 2006ರ ಮೇ 16ರವರೆಗೆ, ಅಂದರೆ ಮೂರು ವರ್ಷ ಮೂರೂವರೆ ತಿಂಗಳು ಮಾತ್ರ. ಅವರು ಸಚಿವೆಯಾಗಲಿಲ್ಲ; ಪಕ್ಷದ ಚುಕ್ಕಾಣಿಯನ್ನೂ ಹಿಡಿಯಲಿಲ್ಲ. ಆದರೂ ಅವರ ಸದಸ್ಯತ್ವ ಅಂತ್ಯಗೊಂಡ ಆರೇ ವಾರಗಳಲ್ಲಿ ಆ ದೇಶದ ಸರ್ಕಾರವೇ ಪತನಗೊಂಡಿತು. ಹದಿನಾಲ್ಕು ವರ್ಷಗಳ ಹಿಂದೆ ಆಶ್ರಯ ಕೋರಿ ಸಲ್ಲಿಸಿದ ಅರ್ಜಿಯಲ್ಲಿ ಅವರು ಬರೆದಿದ್ದ ಹೆಸರು ಆ ಪತನಕ್ಕೆ ನಿಮಿತ್ತವಾಯಿತು. ವಲಸೆ ಬಂದ ರಾಜಕಾರಣಿಯೊಬ್ಬರ ಪೌರತ್ವವೇ ಸಂಸತ್ತಿನ ಚರ್ಚಾವಸ್ತುವಾದ ಇಂಥ ಪ್ರಸಂಗ ಯುರೋಪಿನ ಇತ್ತೀಚಿನ ಇತಿಹಾಸದಲ್ಲಿ ವಿರಳ.

ಮೊಗದಿಶುವಿನಿಂದ ಹಾಲೆಂಡಿಗೆ

ಅಯಾನ್ ಜನಿಸಿದ್ದು 1969ರ ನವೆಂಬರ್ 13ರಂದು, ಸೋಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ. ತಂದೆ ಹಿರ್ಸಿ ಮಗನ್ ಇಸ್ಸೆ ಸರ್ವಾಧಿಕಾರಿ ಸಿಯಾದ್ ಬರ್ರೆಯ ವಿರೋಧಿ ಪಾಳಯದ ಮುಂದಾಳು. ತಂದೆಯ ರಾಜಕೀಯದ ಕಾರಣದಿಂದ ಕುಟುಂಬ ಸೌದಿ ಅರೇಬಿಯಾ, ಇಥಿಯೋಪಿಯಾಗಳನ್ನು ದಾಟಿ ಕೀನ್ಯಾದಲ್ಲಿ ನೆಲೆಸಿತು. ಅಯಾನ್ ಅವರ ಶಾಲಾ ಶಿಕ್ಷಣದ ಬಹುಭಾಗ ನಡೆದುದು ನೈರೋಬಿಯಲ್ಲಿ.

1992ರಲ್ಲಿ ಕೆನಡಾದಲ್ಲಿದ್ದ ಬಂಧುವೊಬ್ಬನೊಡನೆ ತಂದೆ ವಿವಾಹ ನಿಶ್ಚಯಿಸಿದರು. ಕೆನಡಾಕ್ಕೆ ಹೊರಟವರು ಮಾರ್ಗಮಧ್ಯೆ ಜರ್ಮನಿಯಲ್ಲಿ ಇಳಿದು, ಅಲ್ಲಿಂದ ರೈಲು ಹತ್ತಿ ನೆದರ್ಲೆಂಡ್ಸ್ ಸೇರಿ ಆಶ್ರಯ ಕೋರಿದರು. ಮುಂದಿನ ಎಲ್ಲ ವಿವಾದಗಳ ಬೀಜ ಆ ಅರ್ಜಿಯಲ್ಲಿದೆ. ಅದರಲ್ಲಿ ಅವರು ತಮ್ಮ ಹೆಸರನ್ನು ಅಯಾನ್ ಹಿರ್ಸಿ ಮಗನ್ ಎಂದು ಬರೆಯದೆ ಅಯಾನ್ ಹಿರ್ಸಿ ಅಲಿ ಎಂದು ಬರೆದರು. ಜನ್ಮವರ್ಷವನ್ನು 1967 ಎಂದು ನಮೂದಿಸಿದರು. ಕೀನ್ಯಾದಲ್ಲಿ ವರ್ಷಗಟ್ಟಲೆ ಸುರಕ್ಷಿತವಾಗಿ ಬದುಕಿದ್ದನ್ನು ಮರೆಮಾಚಿ, ಸೋಮಾಲಿಯಾದ ಅಂತರ್ಯುದ್ಧದಿಂದ ನೇರವಾಗಿ ಪಾರಾಗಿ ಬಂದುದಾಗಿ ತಿಳಿಸಿದರು. ಬಲವಂತದ ವಿವಾಹದಿಂದ ತಪ್ಪಿಸಿಕೊಂಡ ತನ್ನನ್ನು ಕುಲದವರು ಹುಡುಕಿಕೊಂಡು ಬಂದಾರೆಂಬ ಭೀತಿಯೇ ಹೆಸರು ಬದಲಿಸಲು ಕಾರಣ ಎಂಬುದು ಅವರು ನಂತರ ನೀಡಿದ ವಿವರಣೆ.

ಆಶ್ರಯ ಬೇಗನೆ ದೊರೆಯಿತು. ಡಚ್ ಭಾಷೆ ಕಲಿತು, ಸೋಮಾಲಿ ದುಭಾಷಿಯಾಗಿ ದುಡಿದು, ಲೈಡನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆದರು. ಮಹಿಳಾ ರಕ್ಷಣಾ ಗೃಹಗಳಲ್ಲಿ, ಆಶ್ರಯ ಕೇಂದ್ರಗಳಲ್ಲಿ ದುಭಾಷಿಯಾಗಿ ಕೇಳಿದ ವಲಸಿಗ ಹೆಂಗಸರ ಕಥೆಗಳೇ ಅವರ ರಾಜಕೀಯದ ಮೂಲಧಾತು. 1997ರಲ್ಲಿ ಡಚ್ ಪೌರತ್ವ ಲಭಿಸಿತು. ಅದೂ ಹಿರ್ಸಿ ಅಲಿ ಎಂಬ ಹೆಸರಿನಲ್ಲಿಯೇ.

ಎಡದಿಂದ ಬಲಕ್ಕೆ

ಮೊದಲು ಅವರು ಸೇರಿದ್ದು ಕಾರ್ಮಿಕ ಪಕ್ಷದ ಚಿಂತನ ಸಂಸ್ಥೆಯಾದ ವಿಯಾರ್ಡಿ ಬೆಕ್‌ಮನ್ ಪ್ರತಿಷ್ಠಾನವನ್ನು. ಮುಸ್ಲಿಂ ವಲಸಿಗ ಮಹಿಳೆಯರ ದುಃಸ್ಥಿತಿಗೆ ಧರ್ಮವೇ ಕಾರಣವೆಂದೂ, ಬಹುಸಂಸ್ಕೃತಿವಾದದ ಹೆಸರಿನಲ್ಲಿ ಎಡಪಕ್ಷಗಳು ಅದರತ್ತ ಕಣ್ಣು ಮುಚ್ಚಿಕೊಂಡಿವೆಯೆಂದೂ ಅವರು ಬಹಿರಂಗವಾಗಿ ಹೇಳತೊಡಗಿದಾಗ ಪಕ್ಷಕ್ಕೆ ಇರಿಸುಮುರಿಸಾಯಿತು. ಆಗಿನ ಕಾಲವನ್ನೂ ಗಮನಿಸಬೇಕು. ವಲಸೆಯ ಕಟುವಿಮರ್ಶಕ ಪಿಮ್ ಫಾರ್ಟುಯಿನ್ 2002ರ ಮೇ 6ರಂದು, ಚುನಾವಣೆಗೆ ಒಂಬತ್ತು ದಿನ ಮೊದಲು, ಗುಂಡೇಟಿಗೆ ಬಲಿಯಾಗಿದ್ದರು. ಸಂಯಮದ ನಾಡೆಂದು ಹೆಸರಾದ ಹಾಲೆಂಡಿನ ರಾಜಕೀಯ ಭಾಷೆ ಒಮ್ಮೆಲೇ ಬಿರುಸಾಗಿತ್ತು.

ಇಸ್ಲಾಂ ತ್ಯಜಿಸಿದ್ದೇನೆಂದು ಅಯಾನ್ ಅದೇ ವರ್ಷ ಘೋಷಿಸಿದರು. ಕೊಲೆ ಬೆದರಿಕೆಗಳು ಬಂದವು. ಅಂಗರಕ್ಷಕರ ಕಾವಲು ಆಗಿನಿಂದಲೇ ಆರಂಭವಾಯಿತು. ಬಲಪಂಥೀಯ ಉದಾರವಾದಿಗಳ ವಿವಿಡಿ ಪಕ್ಷದ ನಾಯಕ ಹೆರಿಟ್ ಜಾಲ್ಮ್ ಅವರನ್ನು ತಮ್ಮ ಪಕ್ಷಕ್ಕೆ ಆಹ್ವಾನಿಸಿದರು. 2003ರ ಜನವರಿ 22ರ ಚುನಾವಣೆಯಲ್ಲಿ ವಿವಿಡಿ 150 ಸ್ಥಾನಗಳ ಕೆಳಮನೆಯಲ್ಲಿ 28 ಸ್ಥಾನ ಗಳಿಸಿತು, ಅಯಾನ್ ಸಂಸದೆಯಾದರು. ನೆದರ್ಲೆಂಡ್ಸ್‌ನಲ್ಲಿ ನಮ್ಮಲ್ಲಿರುವಂತೆ ಕ್ಷೇತ್ರಗಳಿಲ್ಲ. ಇಡೀ ದೇಶವೇ ಒಂದು ಕ್ಷೇತ್ರ; ಪಕ್ಷದ ಪಟ್ಟಿಯಲ್ಲಿರುವ ವ್ಯಕ್ತಿಗೆ ಮತ ಬೀಳುತ್ತದೆ. ಯಾವುದೇ ಊರಿನ, ಯಾವುದೇ ಸಮುದಾಯದ ಮತಪೆಟ್ಟಿಗೆಗೆ ಅವರು ಋಣಿಯಾಗಿರಲಿಲ್ಲ ಎಂಬುದು ಅವರ ಶೈಲಿಯನ್ನು ತಿಳಿಯಲು ಮುಖ್ಯ. ವಲಸಿಗರ ಪ್ರತಿನಿಧಿಯೆಂದು ಅವರನ್ನು ಕರೆದವರೇ ಹೆಚ್ಚು; ಆದರೆ ವಲಸಿಗ ಮುಸ್ಲಿಮರಲ್ಲಿ ಅನೇಕರು ಅವರನ್ನು ತಮ್ಮವರೆಂದು ಒಪ್ಪಲೇ ಇಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಆಶ್ರಯದ ಅರ್ಜಿಯಲ್ಲಿ ಸುಳ್ಳು ಹೇಳಿದ್ದೆನೆಂಬುದನ್ನು ಅಯಾನ್ 2002ರಲ್ಲಿಯೇ ಪತ್ರಿಕೆಗಳಿಗೆ ತಿಳಿಸಿದ್ದರು. ಉಮೇದುವಾರಿಕೆಯ ಸಮಯದಲ್ಲಿ ಪಕ್ಷದ ಹಿರಿಯರಿಗೂ ಹೇಳಿದ್ದಾಗಿ ಅವರ ಹೇಳಿಕೆ. ಅದು ಗುಟ್ಟಾಗಿರಲಿಲ್ಲ.

ಸದನದಲ್ಲಿ

ಸಂಸದೆಯಾಗಿ ಅವರು ಹಿಡಿದ ವಿಷಯಗಳು ಕೆಲವೇ. ವಲಸಿಗ ಕುಟುಂಬಗಳಲ್ಲಿ ಗುಪ್ತವಾಗಿ ನಡೆಯುವ ಬಾಲಕಿಯರ ಜನನಾಂಗ ಛೇದನವನ್ನು ಪತ್ತೆಹಚ್ಚಲು ವೈದ್ಯಕೀಯ ತಪಾಸಣೆ ಬೇಕೆಂದರು. ಬಾಲ್ಯದಲ್ಲಿ ತಾವೇ ಆ ಕ್ರೌರ್ಯಕ್ಕೆ ಒಳಗಾಗಿದ್ದುದರಿಂದ ಅವರ ಮಾತಿಗೆ ಸದನದಲ್ಲಿ ತೂಕವಿತ್ತು. ಮರ್ಯಾದಾ ಹತ್ಯೆಗಳನ್ನು ಪೊಲೀಸರು ಪ್ರತ್ಯೇಕವಾಗಿ ದಾಖಲಿಸಬೇಕೆಂಬ ಅವರ ಒತ್ತಾಯದ ಫಲವಾಗಿ ಎರಡು ಪೊಲೀಸ್ ವಲಯಗಳಲ್ಲಿ ಪ್ರಾಯೋಗಿಕ ನೋಂದಣಿ ಆರಂಭವಾಯಿತು. ಅಲ್ಲಿಯವರೆಗೆ ಇವು ಸಾಧಾರಣ ಕೌಟುಂಬಿಕ ಕೊಲೆಗಳ ಲೆಕ್ಕಕ್ಕೆ ಸೇರಿಹೋಗುತ್ತಿದ್ದವು. ಅವರ ಸಂಸದೀಯ ಸಾಧನೆಯೆಂದು ನಿಸ್ಸಂದೇಹವಾಗಿ ಹೇಳಬಹುದಾದದ್ದು ಇದನ್ನೇ.

ಧಾರ್ಮಿಕ ಶಾಲೆಗಳಿಗೆ ಸರ್ಕಾರಿ ಅನುದಾನ ಕೊಡುವ ಸಂವಿಧಾನದ 23ನೇ ವಿಧಿಯ ವಿರುದ್ಧದ ಅವರ ಹೋರಾಟ ಮಾತ್ರ ಫಲಿಸಲಿಲ್ಲ. ಗುರಿ ಇಸ್ಲಾಮಿ ಶಾಲೆಗಳೇ ಆದರೂ, ಆ ವಿಧಿಯ ಆಶ್ರಯದಲ್ಲಿ ಬೆಳೆದದ್ದು ಕ್ರೈಸ್ತ ಶಾಲೆಗಳು. ಮಿತ್ರಪಕ್ಷವಾದ ಕ್ರಿಶ್ಚಿಯನ್ ಡೆಮಾಕ್ರಟರು ಅದನ್ನು ಮುಟ್ಟಗೊಡಲಿಲ್ಲ.

ಸದನದ ಕಲಾಪಕ್ಕಿಂತ ಅವರ ಪತ್ರಿಕಾ ಸಂದರ್ಶನಗಳೇ ಹೆಚ್ಚು ಸದ್ದು ಮಾಡಿದವು. ಚುನಾವಣಾ ಸಮಯದಲ್ಲಿಯೇ 'ಟ್ರೌ' ಪತ್ರಿಕೆಯ ಸಂದರ್ಶನದಲ್ಲಿ ಪ್ರವಾದಿಯವರ ಕುರಿತು ಆಡಿದ ನುಡಿಗಳು ಮುಸ್ಲಿಮರಲ್ಲಿ ತೀವ್ರ ನೋವುಂಟುಮಾಡಿ, ದೂರುಗಳು ದಾಖಲಾಗಿದ್ದವು, ಮೊಕದ್ದಮೆ ನಡೆಯಲಿಲ್ಲ. ಸುಧಾರಣೆಯನ್ನು ಬಯಸುವ ಮುಸ್ಲಿಂ ಮಹಿಳೆಯರನ್ನೂ ಅವರ ಭಾಷೆ ದೂರ ಸರಿಸುತ್ತದೆಂಬ ಟೀಕೆ ಆಗಲೇ ಕೇಳಿಬಂದಿತ್ತು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಚಿತ್ರ ಮತ್ತು ಚೂರಿ

ಚಿತ್ರನಿರ್ದೇಶಕ ಥಿಯೋ ವಾನ್ ಗೋ ಅವರೊಡನೆ ಸೇರಿ ಅಯಾನ್ 'ಸಬ್ಮಿಷನ್' ಎಂಬ ಸುಮಾರು ಹತ್ತು ನಿಮಿಷಗಳ ಚಿತ್ರ ರೂಪಿಸಿದರು. 2004ರ ಆಗಸ್ಟ್ 29ರಂದು ಡಚ್ ದೂರದರ್ಶನದಲ್ಲಿ ಅದು ಪ್ರಸಾರವಾಯಿತು. ಹಿಂಸೆಗೊಳಗಾದ ಮಹಿಳೆಯರ ಮೈಮೇಲೆ ಕುರಾನಿನ ವಾಕ್ಯಗಳನ್ನು ಬರೆದು ತೋರಿಸಿದ ಆ ಚಿತ್ರ ಭಾರೀ ಕೋಲಾಹಲವೆಬ್ಬಿಸಿತು. ನವೆಂಬರ್ 2ರ ಬೆಳಿಗ್ಗೆ ಆಮ್ಸ್ಟರ್‌ಡ್ಯಾಮ್ ಬೀದಿಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ವಾನ್ ಗೋ ಅವರನ್ನು ಮೊರಾಕ್ಕೊ ಮೂಲದ ಡಚ್ ಯುವಕ ಮೊಹಮ್ಮದ್ ಬೌಯೇರಿ ಗುಂಡಿಟ್ಟು, ಕತ್ತು ಕೊಯ್ದು ಕೊಂದನು. ಶವದ ಮೇಲೆ ಚೂರಿಯಿಂದ ಚುಚ್ಚಿಟ್ಟಿದ್ದ ಪತ್ರ ಅಯಾನ್ ಅವರನ್ನು ಉದ್ದೇಶಿಸಿತ್ತು. ಹಂತಕನಿಗೆ 2005ರ ಜುಲೈನಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಕೊಲೆಯ ನಂತರ ಅಯಾನ್ ಅವರನ್ನು ಭದ್ರತಾ ಪಡೆಗಳು ಅಜ್ಞಾತ ಸ್ಥಳಗಳಿಗೆ, ಆಮೇಲೆ ಅಮೆರಿಕಕ್ಕೆ ಸಾಗಿಸಿದವು. ಎರಡೂವರೆ ತಿಂಗಳು ಕಳೆದು, 2005ರ ಜನವರಿ 18ರಂದು ಅವರು ಸದನಕ್ಕೆ ಮರಳಿದರು. ಅದೇ ವರ್ಷ 'ಟೈಮ್' ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಸ್ಥಾನ ಪಡೆದರು. ಹೊರದೇಶಗಳಲ್ಲಿ ಕೀರ್ತಿ ಏರುತ್ತಿದ್ದಂತೆ ಸ್ವದೇಶದಲ್ಲಿ ಬೇಸರವೂ ಬೆಳೆಯುತ್ತಿತ್ತು. ಅವರಿದ್ದ ಹೇಗ್ ನಗರದ ವಸತಿ ಸಮುಚ್ಚಯದ ನೆರೆಹೊರೆಯವರು, ಆಕೆಯಿಂದಾಗಿ ತಮ್ಮ ಜೀವಕ್ಕೂ ಅಪಾಯವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ನಾಲ್ಕು ತಿಂಗಳೊಳಗೆ ಮನೆ ತೆರವುಗೊಳಿಸಬೇಕೆಂದು 2006ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕೊಲೆಗಡುಕರ ಬೆದರಿಕೆಗೆ ಗುರಿಯಾದವರೇ ಮನೆ ಬಿಡಬೇಕಾದ ಆ ತೀರ್ಪು ಹೊರಗಿನವರಿಗೆ ವಿಚಿತ್ರವೆನಿಸಿದರೂ, ನೆರೆಯವರ ಆತಂಕ ಹುಸಿಯೇನಲ್ಲ.

'ನಿಯಮವೆಂದರೆ ನಿಯಮ'

ಇನ್ನು ಹೆಸರಿನ ವಿಷಯ. 2006ರ ಮೇ 11ರಂದು 'ಝೆಂಬ್ಲಾ' ಎಂಬ ದೂರದರ್ಶನ ತನಿಖಾ ಕಾರ್ಯಕ್ರಮ ಅಯಾನ್ ಅವರ ಆಶ್ರಯ ಕಥನವನ್ನು ಮತ್ತೆ ಕೆದಕಿತು. ವಿವಾಹ ಬಲವಂತದ್ದಾಗಿರಲಿಲ್ಲವೆಂದು ಕೀನ್ಯಾದಲ್ಲಿದ್ದ ಸಹೋದರನೇ ಮುಂತಾದವರು ಅದರಲ್ಲಿ ಹೇಳಿದರು. ಅಯಾನ್ ಅದನ್ನು ಒಪ್ಪಲಿಲ್ಲ. ಸುಳ್ಳು ಹೆಸರಿನ ವಿಷಯ ಹೊಸತಲ್ಲವಾದರೂ ಕಾನೂನು ಹೊಸದಾಗಿತ್ತು. ಸುಳ್ಳು ಗುರುತಿನ ಮೇಲೆ ಪಡೆದ ಪೌರತ್ವವು ಆರಂಭದಿಂದಲೇ ಅಸಿಂಧುವೆಂಬ ಅಭಿಪ್ರಾಯವನ್ನು 2005ರ ನವೆಂಬರ್‌ನಲ್ಲಿ ಡಚ್ ಸರ್ವೋಚ್ಚ ನ್ಯಾಯಾಲಯ ನೀಡಿತ್ತು.

ವಲಸೆ ಖಾತೆಯ ಸಚಿವೆ ರೀಟಾ ವೆರ್ಡಾಂಕ್ ವಿವಿಡಿಯವರೇ. ಅಯಾನ್ ಅವರ ಸ್ನೇಹಿತೆಯೂ ಹೌದು. ಕಾರಾಗೃಹ ನಿರ್ದೇಶಕಿಯಾಗಿದ್ದು ರಾಜಕೀಯಕ್ಕೆ ಬಂದ ಅವರನ್ನು 'ಉಕ್ಕಿನ ರೀಟಾ' ಎನ್ನುತ್ತಿದ್ದರು. ಅರ್ಜಿ ತಿರಸ್ಕೃತರಾದ ಸುಮಾರು 26,000 ಆಶ್ರಯಾರ್ಥಿಗಳನ್ನು ಹಿಂದಕ್ಕೆ ಕಳುಹಿಸುವ ಯೋಜನೆ ಅವರದು, ಮತ್ತು ಅಯಾನ್ ಅವರ ಪಕ್ಷದ್ದು. 'ನಿಯಮವೆಂದರೆ ನಿಯಮ' ಎಂಬುದು ವೆರ್ಡಾಂಕ್‌ಗೆ ಅಂಟಿದ ಘೋಷವಾಕ್ಯ. ಪರೀಕ್ಷೆ ಬರೆಯುವವರೆಗಾದರೂ ಉಳಿಯಲು ಅವಕಾಶ ಕೋರಿದ ಕೊಸೊವೊದ ವಿದ್ಯಾರ್ಥಿನಿಯೊಬ್ಬಳಿಗೆ ಅದೇ ವರ್ಷದ ಆರಂಭದಲ್ಲಿ ಅವರು ಕರುಣೆ ತೋರಿರಲಿಲ್ಲ. ಆ ಹುಡುಗಿಯ ಪರವಾಗಿ ಮಾತನಾಡುತ್ತ ತಾನೂ ಸುಳ್ಳು ಹೇಳಿದವಳೇ ಎಂದು ನೆನಪಿಸಿದಾಗ, ಆಗ ತಾನು ಸಚಿವೆಯಾಗಿದ್ದರೆ ನಿನ್ನನ್ನೂ ಹೊರಹಾಕುತ್ತಿದ್ದೆನೆಂದು ವೆರ್ಡಾಂಕ್ ಉತ್ತರಿಸಿದರೆಂದು ಅಯಾನ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಇದರ ಮೇಲೆ, ವೆರ್ಡಾಂಕ್ ಆ ದಿನಗಳಲ್ಲಿ ಪಕ್ಷದ ನಾಯಕತ್ವಕ್ಕಾಗಿ ಸ್ಪರ್ಧಿಸುತ್ತಿದ್ದರು. ಎದುರಾಳಿ, ಮುಂದೆ ಪ್ರಧಾನಿಯಾಗಲಿದ್ದ ಮಾರ್ಕ್ ರುಟ್ಟೆ. ಸ್ವಪಕ್ಷದ ಸಂಸದೆಗೆ ವಿನಾಯಿತಿ ಕೊಟ್ಟರೆ ಘೋಷವಾಕ್ಯ ಉಳಿಯುತ್ತಿರಲಿಲ್ಲ.

ಅಯಾನ್ ಡಚ್ ಪೌರತ್ವವನ್ನು ಪಡೆದೇ ಇಲ್ಲವೆಂದು ಭಾವಿಸತಕ್ಕದ್ದು ಎಂಬ ಸಚಿವೆಯ ನಿಲುವು ಮೇ 15ರಂದು ಹೊರಬಿತ್ತು. ಮಾರನೆಯ ದಿನವೇ ಅಯಾನ್ ಸಂಸದೆಯ ಸ್ಥಾನಕ್ಕೆ ರಾಜೀನಾಮೆ ನೀಡಿ, ವಾಷಿಂಗ್‌ಟನ್ನಿನ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಸೇರುವುದಾಗಿ ಪ್ರಕಟಿಸಿದರು. ಅದೇ ರಾತ್ರಿ ಸದನದಲ್ಲಿ ನಡೆದ ದೀರ್ಘ ಚರ್ಚೆಯಲ್ಲಿ ವೆರ್ಡಾಂಕ್ ಬಹುತೇಕ ಏಕಾಂಗಿಯಾದರು. ಅಯಾನ್ ವಿಚಾರಗಳನ್ನು ಸದಾ ವಿರೋಧಿಸುತ್ತಿದ್ದ ಎಡಪಕ್ಷಗಳೂ ಅವರ ಪೌರತ್ವದ ಪರ ನಿಂತವು. ಆರು ವಾರಗಳೊಳಗೆ ಮರುಪರಿಶೀಲಿಸಬೇಕೆಂದು ಸದನ ಸಚಿವೆಗೆ ಸೂಚಿಸಿತು. ಮೇ ಅಂತ್ಯದಲ್ಲಿ ಪಕ್ಷದ ನಾಯಕತ್ವ ರುಟ್ಟೆ ಪಾಲಾಯಿತು.

ಅಜ್ಜನ ಹೆಸರು

ಜೂನ್ 27ರಂದು ಸಚಿವೆ ನೀಡಿದ ಉತ್ತರ ಕುತೂಹಲಕರ. ಸೋಮಾಲಿಗಳಲ್ಲಿ ಮನೆತನದ ಹೆಸರೆಂಬುದಿಲ್ಲ. ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ಎಂದು ಸಾಲಾಗಿ ಜೋಡಿಸುವುದು ವಾಡಿಕೆ. ಅಯಾನ್ ಅವರ ಅಜ್ಜ ಮಗನ್ ಎಂದು ಖ್ಯಾತರಾಗುವ ಮುನ್ನ ಅಲಿ ಎಂಬ ಹೆಸರು ಹೊಂದಿದ್ದರು. ಆದುದರಿಂದ ಸೋಮಾಲಿ ಕಾನೂನಿನ ಪ್ರಕಾರ ಆ ಹೆಸರನ್ನು ಬಳಸಲು ಮೊಮ್ಮಗಳಿಗೆ ಹಕ್ಕಿತ್ತು. ಹೆಸರು ಸುಳ್ಳಲ್ಲವಾದ್ದರಿಂದ ಪೌರತ್ವವೂ ಸಿಂಧು. ಇಷ್ಟು ದಿನ ಎಲ್ಲರೂ, ಸ್ವತಃ ಅಯಾನ್ ಅವರೂ, ಸುಳ್ಳೆಂದು ತಿಳಿದಿದ್ದ ಹೆಸರು ಕಾಗದದ ಮೇಲೆ ನಿಜವಾಯಿತು.

ಅಲ್ಲಿಗೆ ಪ್ರಕರಣ ಮುಗಿಯಬಹುದಿತ್ತು. ಆದರೆ ಅದರ ಜೊತೆಗೆ ಅಯಾನ್ ಸಹಿ ಹಾಕಿದ್ದ ಹೇಳಿಕೆಯೊಂದಿತ್ತು. ಗೊಂದಲಕ್ಕೆ ತಾನೇ ಕಾರಣವೆಂದು ಹೊಣೆ ಹೊತ್ತು, ಸಚಿವೆಯನ್ನು ಪಾರುಮಾಡುವ ಧಾಟಿ ಅದರದು. ಪೌರತ್ವ ಉಳಿಸಿಕೊಳ್ಳಲು ತೆತ್ತ ಬೆಲೆಯೇ ಇದು ಎಂಬ ಪ್ರಶ್ನೆ ಎದ್ದಿತು. ಸಚಿವೆಗೂ ಒಪ್ಪಿಗೆಯಾಗುವಂಥ ಹೇಳಿಕೆ ಅಗತ್ಯವಿತ್ತೆಂಬ ಅರ್ಥದಲ್ಲಿ ಪ್ರಧಾನಿ ಬಾಲ್ಕೆನೆಂಡೆ ಸದನದಲ್ಲಿ ಆಡಿದ ಮಾತು ಉರಿಯುವ ಬೆಂಕಿಗೆ ತುಪ್ಪವಾಯಿತು. ವಿರೋಧ ಪಕ್ಷಗಳು ವೆರ್ಡಾಂಕ್ ವಿರುದ್ಧ ಅವಿಶ್ವಾಸ ನಿಲುವಳಿ ಮಂಡಿಸಿದವು, ಅದು ಬಿದ್ದುಹೋಯಿತು. ಆದರೆ ಆರು ಸದಸ್ಯರ ಮಿತ್ರಪಕ್ಷ ಡಿ-66 ನಿಲುವಳಿಯನ್ನು ಬೆಂಬಲಿಸಿ, ಸಚಿವೆ ನಿರ್ಗಮಿಸದಿದ್ದರೆ ತಾನು ಹೊರಡುವುದಾಗಿ ಪಟ್ಟುಹಿಡಿಯಿತು. ವೆರ್ಡಾಂಕ್ ಕದಲಲಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಬಾಲ್ಕೆನೆಂಡೆ ಅವರ ಎರಡನೆಯ ಸಚಿವ ಸಂಪುಟ ರಾಜೀನಾಮೆ ಸಲ್ಲಿಸಿತು. 2007ರಲ್ಲಿ ನಡೆಯಬೇಕಿದ್ದ ಚುನಾವಣೆ 2006ರ ನವೆಂಬರ್ 22ರಂದೇ ನಡೆಯಿತು.

ಅನಂತರ

ಅಯಾನ್ ಅಮೆರಿಕದಲ್ಲಿ ನೆಲೆಸಿದರು. ವಿದೇಶದಲ್ಲಿರುವ ಅವರ ಅಂಗರಕ್ಷಣೆಗೆ ಹಣ ನೀಡುವುದನ್ನು ಡಚ್ ಸರ್ಕಾರ 2007ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. 2013ರಲ್ಲಿ ಅಮೆರಿಕದ ಪೌರರಾದರು. ವಿವಾದ ಅಲ್ಲಿಯೂ ಬೆನ್ನು ಬಿಡಲಿಲ್ಲ: ಬ್ರ್ಯಾಂಡೈಸ್ ವಿಶ್ವವಿದ್ಯಾಲಯ ಘೋಷಿಸಿದ್ದ ಗೌರವ ಪದವಿಯನ್ನು 2014ರಲ್ಲಿ ಪ್ರತಿಭಟನೆಗೆ ಮಣಿದು ಹಿಂತೆಗೆದುಕೊಂಡಿತು. ನಾಸ್ತಿಕರ ಪಾಲಿಗೆ ದೊಡ್ಡ ಹೆಸರಾಗಿದ್ದ ಅವರು 2023ರ ನವೆಂಬರ್‌ನಲ್ಲಿ ತಾವು ಕ್ರೈಸ್ತರಾದುದಾಗಿ ಬರೆದು ಹಳೆಯ ಅಭಿಮಾನಿಗಳನ್ನು ಚಕಿತಗೊಳಿಸಿದರು.

ರೀಟಾ ವೆರ್ಡಾಂಕ್ 2006ರ ಚುನಾವಣೆಯಲ್ಲಿ ಪಕ್ಷದ ನಾಯಕ ರುಟ್ಟೆಗಿಂತಲೂ ಅಧಿಕ ವೈಯಕ್ತಿಕ ಮತ ಗಳಿಸಿದರು. ಮತದಾರರು ಅವರ ಕಾಠಿಣ್ಯವನ್ನು ಮೆಚ್ಚಿದ್ದರೆಂಬುದರಲ್ಲಿ ಸಂಶಯವಿಲ್ಲ. ಮರುವರ್ಷ ಸಂಸದೀಯ ಪಕ್ಷದಿಂದ ಹೊರಹಾಕಲ್ಪಟ್ಟು ಸ್ವಂತ ಪಕ್ಷ ಕಟ್ಟಿದರಾದರೂ 2010ರಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ. ಅವರು ಹೊರಕಳುಹಿಸಬೇಕೆಂದಿದ್ದ ಆಶ್ರಯಾರ್ಥಿಗಳ ಪೈಕಿ ಬಹುಸಂಖ್ಯಾತರಿಗೆ 2007ರಲ್ಲಿ ಹೊಸ ಸರ್ಕಾರ ಸಾಮೂಹಿಕ ವಿನಾಯಿತಿ ನೀಡಿ ಅಲ್ಲಿಯೇ ಉಳಿಸಿಕೊಂಡಿತು. ಕೊಸೊವೊದ ಆ ವಿದ್ಯಾರ್ಥಿನಿ ಅಷ್ಟರಲ್ಲಿ ದೇಶ ಬಿಟ್ಟು ಹೋಗಿದ್ದಳು.