ಟಾಮ್ ಅಂಡ್ ಜೆರ್ರಿಯ ಮನೆಯಲ್ಲಿ ಮುಖ ಕಾಣದವಳು

ಕಳೆದ ಚಳಿಗಾಲದಲ್ಲಿ ಅಮ್ಮ ಶಿವಮೊಗ್ಗದಿಂದ ವಿಸಿಟ್ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಇಲ್ಲೇ ಹುಟ್ಟಿದ ನನ್ನ ಮಗನ ಕನ್ನಡವೋ, ಊಟ-ತಿಂಡಿ-ಸ್ನಾನದಿಂದಾಚೆ ಹೋಗುವುದಿಲ್ಲ. ಅಜ್ಜಿ-ಮೊಮ್ಮಗ ಇಬ್ಬರಿಗೂ ಸಮನಾಗಿ ಅರ್ಥವಾಗುತ್ತಿದ್ದದ್ದು ಒಂದೇ, ಟಾಮ್ ಅಂಡ್ ಜೆರ್ರಿ. ಸಂಜೆ ನಾನು ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಇಬ್ಬರೂ ಸೋಫಾದ ಮೇಲೆ ಕಾಲು ಮಡಚಿ ಕೂತು ನಗುತ್ತಿರುವುದು ಕಾಣುತ್ತಿತ್ತು.

ಅಂಥದೊಂದು ಸಂಜೆ ಅಮ್ಮ ಕೇಳಿದರು, "ಅಲ್ವೋ, ಆ ಹೆಂಗಸಿನ ಮುಖ ಯಾಕೆ ತೋರಿಸಲ್ಲ? ಬರೀ ಕಾಲು, ಚಪ್ಪಲಿ, ಕೈಯಲ್ಲಿ ಪೊರಕೆ. ಅವಳು ಮನೆ ಯಜಮಾನಿಯೋ, ಕೆಲಸದವಳೋ?"

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗಿನಿಂದ ಟಾಮ್ ಅಂಡ್ ಜೆರ್ರಿ ನೋಡುತ್ತ ಬೆಳೆದವನು ನಾನು. ಈ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಉತ್ತರ ಹುಡುಕಲು ಹೋದಾಗ, ಎಂಬತ್ತು ವರ್ಷ ದಾಟಿದ ಈ ಕಾರ್ಟೂನು ಎಷ್ಟು ಸಲ ಬದಲಾಗಿದೆ, ಯಾರ ಕಾರಣಕ್ಕೆ ಬದಲಾಗಿದೆ ಎಂಬ ಕತೆಯೇ ಬಿಚ್ಚಿಕೊಂಡಿತು.

ಮೊದಲ ಚಿತ್ರ 'ಪುಸ್ ಗೆಟ್ಸ್ ದಿ ಬೂಟ್' ಬಂದದ್ದು 1940ರ ಫೆಬ್ರವರಿಯಲ್ಲಿ. ಅದರಲ್ಲಿ ಬೆಕ್ಕಿನ ಹೆಸರು ಟಾಮ್ ಅಲ್ಲ, ಜ್ಯಾಸ್ಪರ್. ಮಾಡಿದವರು ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ. ಆದರೆ ಪರದೆಯ ಮೇಲೆ ಅವರ ಹೆಸರೇ ಇಲ್ಲ. ಚಿತ್ರ ಗೆದ್ದಿತು. ಪಾತ್ರಗಳಿಗೆ ಹೊಸ ಹೆಸರು ಹುಡುಕಲು ಸ್ಟುಡಿಯೊದೊಳಗೇ ಸ್ಪರ್ಧೆ ನಡೆದು, 'ಟಾಮ್ ಅಂಡ್ ಜೆರ್ರಿ' ಎಂದು ಸೂಚಿಸಿದ ನೌಕರನಿಗೆ 50 ಡಾಲರ್ ಬಹುಮಾನ ಸಿಕ್ಕಿತಂತೆ. ಆಮೇಲೆ 1958ರವರೆಗೆ ಇಬ್ಬರೂ ಸೇರಿ 114 ಕಿರುಚಿತ್ರ ಮಾಡಿದರು. ಏಳು ಆಸ್ಕರ್ ಬಂದವು.

ಇವು ಟಿವಿಗಾಗಿ ಮಾಡಿದವಲ್ಲ, ಮಕ್ಕಳಿಗೆಂದೇ ಮಾಡಿದವೂ ಅಲ್ಲ. ಚಿತ್ರಮಂದಿರದಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ, ದೊಡ್ಡವರೂ ಚಿಕ್ಕವರೂ ಒಟ್ಟಿಗೆ ನೋಡಲೆಂದು ಮಾಡಿದ ಏಳೆಂಟು ನಿಮಿಷದ ಚಿತ್ರಗಳು. ಅದಕ್ಕೇ ಟಾಮ್ ಸಿಗರೇಟು ಸೇದುತ್ತಾನೆ, ಹುಡುಗಿಯರ ಹಿಂದೆ ಹೋಗುತ್ತಾನೆ. ಮಾತು ತೀರಾ ಕಡಿಮೆ. ಆ ಜಾಗವನ್ನು ತುಂಬಿದವರು ಸ್ಕಾಟ್ ಬ್ರ್ಯಾಡ್ಲಿ ಎಂಬ ಸಂಗೀತಗಾರರು. ಇಲಿ ಓಡಿದರೆ ಪಿಟೀಲು ಓಡುತ್ತದೆ, ಬೆಕ್ಕು ಜಾರಿದರೆ ಇಡೀ ವಾದ್ಯಮೇಳವೇ ಜಾರುತ್ತದೆ. ಟಾಮ್‌ನ ಆ ಪ್ರಸಿದ್ಧ ಕಿರುಚಾಟ ಸ್ವತಃ ಹಾನಾ ಅವರದೇ. ನಮ್ಮ ಅಮ್ಮ ಅಷ್ಟು ನಕ್ಕದ್ದಕ್ಕೆ ಇವರಿಬ್ಬರೇ ಕಾರಣ ಎನ್ನಬೇಕು.

ಇನ್ನು ಅಮ್ಮ ಕೇಳಿದ ಹೆಂಗಸು. ಅವಳನ್ನು ಮ್ಯಾಮಿ ಟೂ ಶೂಸ್ ಎಂದು ಕರೆಯುವುದು ರೂಢಿ. ಕಪ್ಪು ವರ್ಣದ ದಪ್ಪ ಹೆಂಗಸು, ದಕ್ಷಿಣ ಅಮೆರಿಕದ್ದಲ್ಲ, ಅಮೆರಿಕ ದೇಶದ ದಕ್ಷಿಣ ಸೀಮೆಯ ಮಾತು. ಅಲ್ಲಿನ ಸಿನಿಮಾಗಳಲ್ಲಿ ಆಗ ಮನೆಗೆಲಸದ ಕಪ್ಪು ಹೆಂಗಸರನ್ನು ಹೀಗೇ ಒಂದು ಅಚ್ಚಿನಲ್ಲಿ ಎರೆದು ತೋರಿಸುತ್ತಿದ್ದರು. ಮೊದಲ ಚಿತ್ರ ಬಂದ ಅದೇ 1940ರ ಫೆಬ್ರವರಿಯಲ್ಲಿ, 'ಗಾನ್ ವಿತ್ ದಿ ವಿಂಡ್' ಸಿನಿಮಾದಲ್ಲಿ ಮ್ಯಾಮಿ ಎಂಬ ಕೆಲಸದಾಕೆಯ ಪಾತ್ರ ಮಾಡಿದ್ದ ಹ್ಯಾಟಿ ಮ್ಯಾಕ್‌ಡೇನಿಯಲ್ ಆಸ್ಕರ್ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವರ್ಣೀಯರು ಅವರೇ. ಸಮಾರಂಭದ ರಾತ್ರಿ ಅವರನ್ನು ಕೂರಿಸಿದ್ದು ಮಾತ್ರ ಬೇರೆ ಮೇಜಿನಲ್ಲಿ.

ಕಾರ್ಟೂನಿನ ಹೆಂಗಸಿಗೆ ದನಿ ಕೊಟ್ಟವರು ಲಿಲಿಯನ್ ರ್‍ಯಾಂಡಾಲ್ಫ್. ರೇಡಿಯೊದಲ್ಲೂ ಸಿನಿಮಾದಲ್ಲೂ ಹೆಸರಿದ್ದ ನಟಿ. ಅವರ ಹೆಸರೂ ಪರದೆಯ ಮೇಲಿಲ್ಲ. ಯಜಮಾನಿಯೋ ಕೆಲಸದವಳೋ ಎಂಬ ಅಮ್ಮನ ಅನುಮಾನಕ್ಕೆ ಆಧಾರವಿದೆ. ಕೆಲವು ಚಿತ್ರಗಳಲ್ಲಿ ಅವಳು ಯಾರದೋ ಮನೆಯಲ್ಲಿ ದುಡಿಯುವವಳಂತೆ ಕಂಡರೆ, ಇನ್ನು ಕೆಲವದರಲ್ಲಿ ಮನೆಯೇ ಅವಳದು ಎಂಬಂತಿದೆ. ಬೇರೆ ಯಜಮಾನರು ಕಾಣುವುದು ಅಪರೂಪ. ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ಈ ಪಾತ್ರವನ್ನು ಟೀಕಿಸಿತು. 1952ರ ನಂತರ ಅವಳು ಹೊಸ ಚಿತ್ರಗಳಲ್ಲಿ ಕಾಣಲಿಲ್ಲ.

1957ರಲ್ಲಿ ಎಂಜಿಎಂ ಕಾರ್ಟೂನು ವಿಭಾಗವನ್ನೇ ಮುಚ್ಚಿತು. ಹಳೆಯದನ್ನೇ ಮತ್ತೆ ಬಿಡುಗಡೆ ಮಾಡಿದರೂ ಸಾಕಷ್ಟು ದುಡ್ಡು ಬರುತ್ತದೆ, ಹೊಸದೇಕೆ ಎಂಬ ಲೆಕ್ಕ. ಮೂರ್ನಾಲ್ಕು ವರ್ಷದ ಮೇಲೆ ಮನಸ್ಸು ಬದಲಾಗಿ ಕೆಲಸವನ್ನು ಜೀನ್ ಡೈಚ್ ಎಂಬುವರಿಗೆ ಒಪ್ಪಿಸಿದರು. ಅವರಿದ್ದದ್ದು ಕಮ್ಯುನಿಸ್ಟ್ ಆಡಳಿತದ ಪ್ರಾಗ್ ನಗರದಲ್ಲಿ! ಶೀತಲ ಸಮರದ ಕಾಲ; ಅಮೆರಿಕದ ಬೆಕ್ಕು-ಇಲಿಯನ್ನು ಕಮ್ಯುನಿಸ್ಟ್ ದೇಶದವರು ಬರೆಯುತ್ತಾರೆಂದರೆ ಹೇಗೆ? ಹಾಗಾಗಿ ಚೆಕ್ ಸಂಗೀತಗಾರ ವಾಟ್ಸ್ಲಾವ್ ಲೀಡ್ಲ್ ಪರದೆಯ ಮೇಲೆ 'ವಿಕ್ಟರ್ ಲಿಟ್ಲ್' ಆದರು. ಹೊರದೇಶದಲ್ಲಿ ನಮ್ಮ ಹೆಸರನ್ನು ಬಾಯಿಗೆ ಬಂದಂತೆ ತಿರುಚಿ ಕರೆಸಿಕೊಂಡು ಅಭ್ಯಾಸವಾದ ನಮಗೆ ಇದು ಹೊಸದೇನಲ್ಲ. 1961-62ರ ಆ 13 ಚಿತ್ರಗಳನ್ನು ಅಭಿಮಾನಿಗಳು ಹಳಿಯುತ್ತಾರೆ. ಚಲನೆ ಒರಟು, ಶಬ್ದವೆಲ್ಲ ಖಾಲಿ ಬಾವಿಯಿಂದ ಬಂದಂತೆ. ನನಗೇನೋ ಆ ವಿಚಿತ್ರವೇ ಇಷ್ಟ. ನಂತರ ಚಕ್ ಜೋನ್ಸ್ ಮಾಡಿದ 34 ಚಿತ್ರಗಳಲ್ಲಿ ಟಾಮ್‌ಗೆ ದಪ್ಪ ಹುಬ್ಬು ಬಂತು, ಜೆರ್ರಿ ಮುದ್ದಾದ. ನೋಡಲು ಚೆಂದ, ಆದರೆ ಏಟಿಗೆ ಮೊದಲಿನ ಬಿಸಿ ಇಲ್ಲ.

ನಿಜವಾದ ಬದಲಾವಣೆ ಆದದ್ದು ಹಳೆಯ ಚಿತ್ರಗಳು 1965ರಲ್ಲಿ ಅಮೆರಿಕದ ಸಿಬಿಎಸ್ ಟಿವಿಗೆ, ಶನಿವಾರ ಬೆಳಗಿನ ಮಕ್ಕಳ ಹೊತ್ತಿಗೆ ಬಂದಾಗ. ದೊಡ್ಡವರಿಗೂ ಇದ್ದದ್ದು ಈಗ ಮಕ್ಕಳದಾಯಿತು, ಕತ್ತರಿಯೂ ಬಂತು. ಕೆಲವು ಚಿತ್ರಗಳಲ್ಲಿ ಆ ಹೆಂಗಸನ್ನು ಅಳಿಸಿ, ಅವಳ ಜಾಗದಲ್ಲಿ ತೆಳ್ಳನೆಯ ಬಿಳಿ ಹುಡುಗಿಯನ್ನು ಹೊಸದಾಗಿ ಬರೆದು ಸೇರಿಸಿದರು. ಉಳಿದವುಗಳಲ್ಲಿ ರ್‍ಯಾಂಡಾಲ್ಫ್ ಅವರ ದನಿ ತೆಗೆದು, ಜೂನ್ ಫೋರೆ ಎಂಬ ನಟಿಯಿಂದ ಐರಿಷ್ ಧಾಟಿಯಲ್ಲಿ ಮಾತಾಡಿಸಿದರು. 1990ರ ದಶಕದಲ್ಲಿ ಮತ್ತೊಮ್ಮೆ ದನಿ ಬದಲು. ಈ ಸಲ ಥಿಯಾ ವಿಡೇಲ್ ಎಂಬ ಕಪ್ಪು ವರ್ಣದ ನಟಿ, ಹಳೆಯ ಆಡುಮಾತಿನ ಎಳೆತ ಬಿಟ್ಟು. ಪಾತ್ರದಲ್ಲಿ ಅವಮಾನವಿತ್ತು, ನಿಜ. ಅದನ್ನು ತೊಳೆಯಲು ಹೊರಟವರು ಆ ಮನೆಯಿಂದ ಅವಳನ್ನೇ ಹೊರಹಾಕಿದರು, ಹೆಸರಿಲ್ಲದೆ ದುಡಿದ ನಟಿಯ ದನಿಯನ್ನೂ ಅಳಿಸಿದರು. ಇದು ನನಗೆ ಸರಿ ಕಾಣಲಿಲ್ಲ.

ಮುಂದೆ ಟಾಮ್ ಅಂಡ್ ಜೆರ್ರಿಗೆ ಬಂದ ಬುದ್ಧಿವಾದಗಳು ಒಂದೆರಡಲ್ಲ. 1975ರ ಟಿವಿ ಸರಣಿಯಲ್ಲಿ ಹೊಡೆದಾಟವೇ ಇಲ್ಲ. ಜೆರ್ರಿ ಕೊರಳಿಗೆ ಬೋ ಟೈ, ಇಬ್ಬರೂ ಗೆಳೆಯರು. ಮಾಡಿದವರು ಅದೇ ಹಾನಾ-ಬಾರ್ಬೆರಾ ಕಂಪನಿಯವರು! 1992ರ ಸಿನಿಮಾದಲ್ಲಿ ಬೆಕ್ಕು-ಇಲಿ ಬಾಯಿ ತುಂಬ ಮಾತಾಡಿದವು, ಹಾಡಿದವು. ಅದನ್ನು ನಾನು ಪೂರ್ತಿ ನೋಡಲಾರದೆ ಎದ್ದೆ. 2006ರಲ್ಲಿ ಬ್ರಿಟನ್ನಿನ ನೋಡುಗರೊಬ್ಬರ ದೂರಿನ ಮೇಲೆ ಸಿಗರೇಟಿನ ದೃಶ್ಯಗಳಿಗೆ ಕತ್ತರಿ ಬಿತ್ತು. 2016ರಲ್ಲಿ ಈಜಿಪ್ಟ್ ಸರ್ಕಾರದ ಮಾಹಿತಿ ಸೇವೆಯ ಮುಖ್ಯಸ್ಥರು, ಅರಬ್ ನಾಡುಗಳಲ್ಲಿ ಹಿಂಸೆ ಹೆಚ್ಚಲು ಟಾಮ್ ಅಂಡ್ ಜೆರ್ರಿಯೂ ಒಂದು ಕಾರಣ ಎಂದರು. 2021ರ ಸಿನಿಮಾದ ಹೊತ್ತಿಗೆ ಸುತ್ತ ನಿಜವಾದ ಮನುಷ್ಯರು ನಟಿಸಿದರೂ ಟಾಮ್-ಜೆರ್ರಿ ಮತ್ತೆ ಮೌನಕ್ಕೆ ಮರಳಿದ್ದರು.

ಹಳೆಯ ಚಿತ್ರಗಳ ವಿಷಯದಲ್ಲಿ ಈಗಿನವರ ದಾರಿ ಬೇರೆ. 2005ರ ಡಿವಿಡಿಯಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಮೊದಲಿಗೇ ಬಂದು, ಇಲ್ಲಿ ಕಾಣುವ ವರ್ಣಭೇದ ಅಂದೂ ತಪ್ಪು, ಇಂದೂ ತಪ್ಪು, ಆದರೂ ಮುಚ್ಚಿಡುತ್ತಿಲ್ಲ ಎಂಬರ್ಥದ ಮಾತಾಡುತ್ತಾರೆ. 2014ರಲ್ಲಿ ಅಮೆಜಾನ್ ಕೂಡ ಅಂಥದೇ ಎಚ್ಚರಿಕೆ ಹಾಕಿತು. ಮಕ್ಕಳ ಪಕ್ಕ ದೊಡ್ಡವರು ಕೂರುವ ಮನೆಯಲ್ಲಿ ಈ ದಾರಿಯೇ ವಾಸಿ ಅನ್ನಿಸುತ್ತದೆ.

ಇಷ್ಟೆಲ್ಲ ಓದಿದ ವಾರದಲ್ಲೇ ಅಮ್ಮನಿಗಾಗಿ ಮಗನ ಹುಟ್ಟುಹಬ್ಬದ ಫೋಟೊಗಳನ್ನು ಆರಿಸುತ್ತಿದ್ದೆ. ನಮ್ಮಲ್ಲಿಗೆ ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ಬರುವ ಶ್ರೀಲಂಕಾದ ಅಕ್ಕ ಅಂದು ರಾತ್ರಿ ಹತ್ತರವರೆಗೆ ಇದ್ದರು. ಇನ್ನೂರು ಫೋಟೊಗಳಲ್ಲಿ ಅವರು ಇರುವುದು ಎರಡರಲ್ಲಿ. ಒಂದರಲ್ಲಿ ಕೇಕ್ ತಟ್ಟೆ ಹಿಡಿದ ಕೈ, ಇನ್ನೊಂದರಲ್ಲಿ ಅಡುಗೆಮನೆ ಬಾಗಿಲ ಹತ್ತಿರ ಸೆರಗಿನಂಥ ದುಪಟ್ಟಾದ ತುದಿ. ಅಮ್ಮನಿಗೆ ಏನೂ ಹೇಳದೆ ಫೋನು ಕೆಳಗಿಟ್ಟೆ.

ಅಮ್ಮ ಊರಿಗೆ ಹೊರಡುವ ಮುನ್ನ ಅವರ ಪ್ರಶ್ನೆಗೆ ಉತ್ತರ ತೋರಿಸಿದೆ. 1950ರ 'ಸ್ಯಾಟರ್ಡೇ ಈವ್ನಿಂಗ್ ಪುಸ್' ಚಿತ್ರದಲ್ಲಿ, ಬೆಕ್ಕುಗಳ ಗಲಾಟೆಯ ಸುದ್ದಿ ತಿಳಿದು ಅವಳು ಮನೆ ಕಡೆ ಓಡಿ ಬರುವಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು ಅವಳ ಮುಖ ಕಾಣುತ್ತದೆ. ಮೂಲ ಪ್ರತಿಯಲ್ಲಿ ಮಾತ್ರ; ಟಿವಿಗೆಂದು ತಿದ್ದಿದ್ದರಲ್ಲಿ ಅಲ್ಲಿರುವುದು ಆ ಬಿಳಿ ಹುಡುಗಿ. ಮೂರು ಸಲ ತಪ್ಪಾಗಿ ನಿಲ್ಲಿಸಿ, ನಾಲ್ಕನೇ ಸಲ ಸರಿಯಾದ ಜಾಗದಲ್ಲಿ ನಿಲ್ಲಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋಗಿ ನೋಡಿದರು.

"ಸಣ್ಣ ವಯಸ್ಸೇ ಕಣೋ ಇವಳಿಗೆ," ಎಂದರು. "ನಾನು ಮುದುಕಿ ಅಂದುಕೊಂಡಿದ್ದೆ."