ಗಾಳಿಗೆ ಅಡ್ಡ ಹಿಡಿದ ಹಾಳೆ

1948ರ ಸೆಪ್ಟೆಂಬರ್. ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲು. ರೋಲಿ ಫ್ರೀ ಅನ್ನೋ ನಡುವಯಸ್ಸಿನ ಸವಾರ ಒಂದು ವಿನ್ಸೆಂಟ್ ಬೈಕ್ ಹತ್ತಿ ವೇಗದ ದಾಖಲೆಗೆ ಇಳಿದಿದ್ದ. ಗಂಟೆಗೆ 150 ಮೈಲಿ ಮುಟ್ಟಬೇಕು, ಒಂಚೂರು ಕಡಿಮೆ ಬೀಳ್ತಾ ಇದೆ. ಮೈಮೇಲಿದ್ದ ಚರ್ಮದ ಸೂಟು ಗಾಳಿಯ ಹೊಡೆತಕ್ಕೆ ಹರಿದುಹೋಗಿತ್ತು. ಅವನು ಅದನ್ನೂ ಬಿಚ್ಚಿ ಬಿಸಾಕಿದ. ಬರೀ ಈಜುಚಡ್ಡಿ, ತಲೆಗೆ ಸ್ನಾನದ ಟೋಪಿ, ಕಾಲಿಗೆ ಯಾರದೋ ಶೂ. ಹಿಂದಿನ ಮಡ್‌ಗಾರ್ಡಿನ ಮೇಲೆ ಹೊಟ್ಟೆ ಅಂಟಿಸಿ, ಕಾಲೆರಡನ್ನೂ ಹಿಂದಕ್ಕೆ ಚಾಚಿ, ಹಲ್ಲಿಯ ಹಾಗೆ ಮಲಗಿಕೊಂಡು ಓಡಿಸಿದ. ಬಂದದ್ದು 150.313 ಮೈಲಿ, ಅಂದ್ರೆ 241 ಕಿಲೋಮೀಟರಿಗಿಂತ ಜಾಸ್ತಿ.

ಆ ಫೋಟೋ ನೀವೂ ನೋಡಿರ್ತೀರಿ. ಬೈಕ್ ಹುಚ್ಚಿರುವವರ ರೂಮಿನ ಗೋಡೆಗಳಲ್ಲಿ ಅದು ದೇವರ ಪಟದ ಸ್ಥಾನದಲ್ಲಿರುತ್ತೆ. ನನಗದು ಸಾಹಸಕ್ಕಿಂತ ಹೆಚ್ಚಾಗಿ ಒಂದು ಲೆಕ್ಕದ ಪಾಠದ ಹಾಗೆ ಕಾಣುತ್ತೆ. ಬೈಕಿಗೆ ಗಾಳಿತಡೆ ಇಲ್ಲದಿದ್ದಾಗ ಸವಾರನೇ ಗಾಳಿತಡೆ ಆಗಬೇಕು.

ಲೆಕ್ಕ ಸುಲಭ. ವೇಗ ಎರಡರಷ್ಟಾದರೆ ಎದುರುಗಾಳಿಯ ಒತ್ತಡ ನಾಲ್ಕರಷ್ಟಾಗುತ್ತೆ, ಅದನ್ನು ತಳ್ಳೋಕೆ ಬೇಕಾದ ಶಕ್ತಿ ಎಂಟರಷ್ಟು. ಸಿಟಿಯಲ್ಲಿ 45ರಲ್ಲಿ ಹೋಗುವಾಗ ಮುಖಕ್ಕೆ ಹಿತವಾಗಿ ಬೀಸೋ ಅದೇ ಗಾಳಿ, ತುಮಕೂರು ರಸ್ತೆಯಲ್ಲಿ 90 ಮುಟ್ಟಿದಾಗ ಎದೆ ಮೇಲೆ ಕೈಯಿಟ್ಟು ತಳ್ಳುತ್ತೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರಿಮೈ ಬೈಕು ಮತ್ತು ಸವಾರ ಇಬ್ಬರೂ ಸೇರಿ ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದ ಅರ್ಧ ತೂಕದಷ್ಟು ಗಾಳಿಯನ್ನ ತಳ್ತಾ ಇರ್ತಾರೆ. ನಾಲ್ಕು ಗಂಟೆ ಹಾಗೆ ಕೂತು ಬಂದವನಿಗೆ ಕತ್ತು ಯಾಕೆ ನೋಯುತ್ತೆ ಅಂತ ಬೇರೆ ಹೇಳಬೇಕಾ?

ಈ ಗಾಳಿಯನ್ನ ಪಕ್ಕಕ್ಕೆ ಸರಿಸೋ ಪ್ರಯತ್ನ ಹಳೆಯದು. 1937ರಲ್ಲಿ ಅರ್ನ್ಸ್ಟ್ ಹೆನ್ನೆ 500 ಸಿ.ಸಿ.ಯ ಬಿ.ಎಂ.ಡಬ್ಲ್ಯು.ಗೆ ಪೂರ್ತಿ ಕವಚ ತೊಡಿಸಿ ಜರ್ಮನಿಯ ಆಟೋಬಾನ್ ಮೇಲೆ 279.5 ಕಿ.ಮೀ. ವೇಗ ಮುಟ್ಟಿದ. ಆ ದಾಖಲೆ 1951ರ ತನಕ ಅಲುಗಾಡಲಿಲ್ಲ. ಆದರೆ ಅದು ಕಂಪನಿ ದುಡ್ಡಿನ ಕೆಲಸ. ನಿಜವಾದ ಮಜಾ ಶುರುವಾಗಿದ್ದು ಯುದ್ಧ ಮುಗಿದ ಮೇಲೆ, ಇಟಲಿಯಲ್ಲಿ. ಮಾಂಡೆಲ್ಲೊ ಅನ್ನೋ ಸರೋವರದ ದಂಡೆಯ ಊರಲ್ಲಿ ಮೋಟೊ ಗುಜ್ಜಿ ಕಂಪನಿ, ಬೈಕೂ ಸವಾರನೂ ಇಡಿಯಾಗಿ ಹಿಡಿಸುವಂಥ ಗಾಳಿಸುರಂಗವನ್ನೇ ಕಟ್ಟಿಕೊಂಡಿತು. ಅಲ್ಲಿಂದ ಬಂದದ್ದು ಮುಂದಿನ ಚಕ್ರವನ್ನೂ ಮುಚ್ಚೋ ದುಂಡನೆಯ ಕವಚ. ಇಂಗ್ಲಿಷರು ಅದಕ್ಕೆ ‘ಡಸ್ಟ್‌ಬಿನ್’ ಅಂತ ಹೆಸರಿಟ್ಟರು. ನೋಡೋಕೆ ಕಸದ ಡಬ್ಬಿ ಹಾಗೇ ಇತ್ತು, ಸುಳ್ಳೇನಲ್ಲ. ಆದರೆ ಕಾರ್ಕಾನೊ ವಿನ್ಯಾಸ ಮಾಡಿದ ಗುಜ್ಜಿಯ ಎಂಟು ಸಿಲಿಂಡರಿನ 500 ಸಿ.ಸಿ. ಬೈಕು ಆ ಡಬ್ಬಿ ಹಾಕ್ಕೊಂಡೇ 270 ಕಿ.ಮೀ. ದಾಟುತ್ತಿತ್ತು, ಅದೂ ಐವತ್ತರ ದಶಕದ ಟೈರುಗಳ ಮೇಲೆ!

ಆಮೇಲೆ ಬಂತು ನಿಷೇಧ. ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ 1958ರಿಂದ ಡಸ್ಟ್‌ಬಿನ್ ಬೇಡ ಅಂತ ನಿಯಮ ಮಾಡಿತು. ಮುಂದಿನ ಚಕ್ರ ಪಕ್ಕದಿಂದ ಕಾಣಬೇಕು, ಸವಾರ ಕಾಣಬೇಕು. ಕಾರಣ ಸುಳ್ಳಲ್ಲ. ಮುಂದಿನ ಚಕ್ರವನ್ನು ಮುಚ್ಚಿದ ಕವಚಕ್ಕೆ ಅಡ್ಡಗಾಳಿ ಹೊಡೆದರೆ ಅದು ಹಡಗಿನ ಪಟದ ಹಾಗೆ ಗಾಳಿ ತುಂಬಿಕೊಂಡು ಹ್ಯಾಂಡಲನ್ನು ಕಿತ್ತುಕೊಳ್ಳುತ್ತೆ. ರೇಸಿನಲ್ಲಿ ಅದು ಸಾವಿನ ಮಾತು. ಅಷ್ಟರ ಮಟ್ಟಿಗೆ ಒಕ್ಕೂಟದ್ದು ಸರಿ.

ಆದರೆ ಆ ನಿಯಮದ ಬಿಲ್ಲು ಕಟ್ಟಿದ್ದು ರೇಸಿಗೆ ಹೋಗದ ನಮ್ಮಂಥವರು ಅಂತ ನನ್ನ ವಾದ. ರಸ್ತೆಯ ಬೈಕು ಹೇಗಿರಬೇಕು ಅನ್ನೋದನ್ನ ರೇಸಿನ ಬೈಕು ನಿರ್ಧರಿಸುತ್ತೆ. ರೇಸಿನಲ್ಲಿ ಮೈ ಮುಚ್ಚೋದು ನಿಂತಾಗ ಅಂಗಡಿಯಲ್ಲೂ ಮೈ ಮುಚ್ಚೋದು ನಿಂತಿತು. ಕಾರುಗಳು ವರ್ಷದಿಂದ ವರ್ಷಕ್ಕೆ ನುಣುಪಾದವು. ಇವತ್ತಿನ ಸಾಧಾರಣ ಕಾರಿನ ಗಾಳಿತಡೆಯ ಗುಣಾಂಕ 0.3ರ ಆಸುಪಾಸು. ಸವಾರ ಕೂತ ಬರಿಮೈ ಬೈಕಿನದು ಸುಲಭವಾಗಿ ಅದರ ಎರಡರಷ್ಟು. ಬೈಕು ಚಿಕ್ಕದು ಅನ್ನೋ ಒಂದೇ ಕಾರಣಕ್ಕೆ ನಮ್ಮ ಮೈಲೇಜಿನ ಮರ್ಯಾದೆ ಉಳಿದಿದೆ.

ಕಂಪನಿಗಳು ಕೈಬಿಟ್ಟದ್ದನ್ನ ಗ್ಯಾರೇಜಿನವರು ಎತ್ತಿಕೊಂಡರು. ಅದಕ್ಕೆ ಸಾಮಗ್ರಿಯೂ ಒದಗಿಬಂತು ನೋಡಿ, ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಅಲ್ಯುಮಿನಿಯಂ ತಗಡನ್ನ ಬಡಿದು ಬಡಿದು ಗುಂಡಗೆ ಮಾಡೋಕೆ ಇಟಲಿಯ ಕಸಬುದಾರನ ಕೈ ಬೇಕು. ಫೈಬರ್‌ಗ್ಲಾಸಿಗೆ ಒಂದು ಅಚ್ಚು, ಒಂದು ಬ್ರಷ್ಷು, ಒಂದು ಡಬ್ಬಿ ರೆಸಿನ್ ಸಾಕು. ಐಲ್ ಆಫ್ ಮ್ಯಾನ್ ದ್ವೀಪದ ಪೀಲ್ ಅನ್ನೋ ಸಣ್ಣ ಊರಿನ ಪೀಲ್ ಎಂಜಿನಿಯರಿಂಗ್ ಫೈಬರ್‌ಗ್ಲಾಸಿನ ದೋಣಿ ಮಾಡ್ತಾ, ಬೈಕಿನ ಕವಚವನ್ನೂ ಮಾಡ್ತಿತ್ತು. ಆಮೇಲೆ 1962ರಲ್ಲಿ ಇದೇ ಕಂಪನಿ ಪಿ-50 ಅನ್ನೋ ಪ್ರಪಂಚದ ಅತಿ ಪುಟ್ಟ ಕಾರು ತಂದಿತು. ದೋಣಿ, ಫೇರಿಂಗು, ಕಾರು, ಎಲ್ಲಕ್ಕೂ ಅದೇ ರೆಸಿನ್ನು.

ಪಾರದರ್ಶಕ ಹಾಳೆಯ ಕಥೆಯೂ ಹೀಗೇ. ಅಕ್ರಿಲಿಕ್ ಜರ್ಮನಿಯಲ್ಲಿ 1933ರಲ್ಲಿ ಪ್ಲೆಕ್ಸಿಗ್ಲಾಸ್ ಅಂತ ಹೆಸರು ಪಡೆಯಿತು, ಯುದ್ಧವಿಮಾನಗಳ ಗುಮ್ಮಟವಾಯಿತು, ಯುದ್ಧ ಮುಗಿದ ಮೇಲೆ ಅಂಗಡಿಗೆ ಬಂತು. 1953ರಲ್ಲಿ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಕೆಲವೇ ದಿನಗಳ ಅಂತರದಲ್ಲಿ ಪಾಲಿಕಾರ್ಬೊನೇಟ್ ಕಂಡುಹಿಡಿದರು. ಅಕ್ರಿಲಿಕ್ ಕಲ್ಲು ಬಡಿದರೆ ಚೂರಾಗುತ್ತೆ, ಪಾಲಿಕಾರ್ಬೊನೇಟ್ ಬಾಗುತ್ತೆ. ಮುಖದ ಮುಂದೆ ಇಟ್ಟುಕೊಳ್ಳೋ ವಸ್ತುವಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿಲ್ಲ.

ಇವೆಲ್ಲವನ್ನೂ ವ್ಯಾಪಾರ ಮಾಡಿದವನು ಕ್ರೇಗ್ ವೆಟರ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ವಿನ್ಯಾಸ ಓದಿದ ಹುಡುಗ, 1966ರಲ್ಲಿ ಫೇರಿಂಗ್ ಕಂಪನಿ ಶುರು ಮಾಡಿದ. 1971ರ ಅವನ ‘ವಿಂಡ್‌ಜ್ಯಾಮರ್’ ಬ್ರ್ಯಾಕೆಟ್ ಬದಲಿಸಿದರೆ ಯಾವ ದೊಡ್ಡ ಬೈಕಿಗೂ ಕೂರುತ್ತಿತ್ತು. ಜಾಣತನ ಎಲ್ಲಿತ್ತು ಅಂದ್ರೆ, ಕವಚದ ಭಾರ ಹ್ಯಾಂಡಲಿನ ಮೇಲಿರಲಿಲ್ಲ, ಚಾಸಿಯ ಮೇಲಿತ್ತು. ಗಾಳಿ ಹೊಡೆದರೂ ಸ್ಟೀರಿಂಗ್ ನೇರವಾಗಿ ಎಳೆಯಲ್ಲ. 1975ರಲ್ಲಿ ಹೋಂಡಾ ತನ್ನ ಗೋಲ್ಡ್ ವಿಂಗ್ ತಂದಾಗ ಬೈಕು ಬರಿಮೈಲಿತ್ತು. ಕೊಂಡವರೆಲ್ಲ ಸಾಲುಸಾಲಾಗಿ ಹೋಗಿ ವಿಂಡ್‌ಜ್ಯಾಮರ್ ಹಾಕಿಸಿಕೊಂಡರು. 1980ಕ್ಕೆ ಹೋಂಡಾಗೆ ಬುದ್ಧಿ ಬಂದು, ಕಾರ್ಖಾನೆಯಿಂದಲೇ ಫೇರಿಂಗ್ ಹಾಕಿದ ಇಂಟರ್‌ಸ್ಟೇಟ್ ಮಾಡಿತು. ಗಿರಾಕಿ ತನ್ನ ಕೈಯಾರೆ ಮಾಡಿ ತೋರಿಸಿದ್ದನ್ನ ಎಂಜಿನಿಯರುಗಳು ಐದು ವರ್ಷ ಬಿಟ್ಟು ಒಪ್ಪಿಕೊಂಡರು ಅನ್ನಿ.

ನಮ್ಮ ಕಡೆ ಇದೆಲ್ಲ ಇರಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳಲ್ಲಿ ಮೊದಲು ಹೆಡ್‌ಲೈಟು, ಆಮೇಲೆ ಹ್ಯಾಂಡಲ್ಲು, ಆಮೇಲೆ ನೇರವಾಗಿ ಸವಾರನ ಎದೆ. ಡಿಸೆಂಬರಿನ ಬೆಳಗಿನ ಜಾವ ಹೊರಡೋರು ಸ್ವೆಟರಿನ ಒಳಗೆ ಹಳೇ ಪೇಪರ್ ಮಡಚಿ ಇಟ್ಟುಕೊಳ್ತಿದ್ದರು. ನಗಬೇಡಿ, ಆಲ್ಪ್ಸ್ ಬೆಟ್ಟ ಇಳಿಯೋ ಟೂರ್ ಡಿ ಫ್ರಾನ್ಸ್ ಸೈಕಲ್ ಸವಾರರೂ ಇದನ್ನೇ ಮಾಡ್ತಿದ್ದದ್ದು. ನಮ್ಮಪ್ಪನ ಚೇತಕ್ ಸ್ಕೂಟರಿಗೆ ಒಂದು ದೊಡ್ಡ ವಿಂಡ್‌ಶೀಲ್ಡ್ ಇತ್ತು, ಹಳದಿಗಟ್ಟಿ ಗೀರುಬಿದ್ದದ್ದು. ಮುಂದೆ ನಿಂತುಕೊಳ್ಳೋ ನನಗೆ ಅದೇ ಟೀವಿ. 2003ರಲ್ಲಿ ಕರಿಜ್ಮಾ, 2008ರಲ್ಲಿ ಆರ್-15 ಬಂದ ಮೇಲೆ ಫೇರಿಂಗ್ ಅನ್ನೋ ಪದ ಕಾಲೇಜು ಹುಡುಗರ ಬಾಯಿಗೆ ಬಂತು. ಆದರೆ ಅದು ಬಂದದ್ದು ಅಂದಕ್ಕೆ. ಕತ್ತುನೋವಿಗೆ ಅಂತ ಯಾರೂ ಕೊಳ್ಳಲಿಲ್ಲ.

ನನ್ನ ಬೈಕೂ ಬರಿಮೈದೇ. ಹಾಗಾಗಿ ಒಂದು ಶನಿವಾರ ಬೋರ್ಡ್ ಬರೆಯೋರ ಅಂಗಡಿಯಿಂದ ಮೂರು ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತುಂಡು ತಂದೆ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಬೈಕಿಗೆ ಹಿಡಿದು ನೋಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತಾ ಅಂತ ಖಾತ್ರಿ ಮಾಡಿಕೊಂಡೆ. ಹಾಳೆಯನ್ನು ಬಿಸಿ ಮಾಡದೆ, ಹೆಡ್‌ಲೈಟಿನ ಬ್ರ್ಯಾಕೆಟ್ಟಿಗೆ ಬೋಲ್ಟ್ ಬಿಗಿದೇ ಸಣ್ಣಗೆ ಬಾಗಿಸಿದೆ. ಪಾಲಿಕಾರ್ಬೊನೇಟ್ ತೇವ ಕುಡಿದಿರುತ್ತೆ, ಒಣಗಿಸದೆ ಕಾಯಿಸಿದರೆ ಒಳಗೆಲ್ಲ ಗುಳ್ಳೆ ಏಳುತ್ತೆ. ಬೋಲ್ಟಿನ ಕೆಳಗೆ ರಬ್ಬರ್ ವಾಷರ್ ಹಾಕಿ, ತೂತು ಒಂಚೂರು ದೊಡ್ಡದೇ ಇರಲಿ. ಬೋಲ್ಟ್ ಸಡಿಲ ಆಗದಿರಲಿ ಅಂತ ಹಾಕೋ ಅಂಟು ದ್ರವ, ಪೆಟ್ರೋಲು, ಎರಡೂ ಈ ಹಾಳೆಗೆ ತಾಗಬಾರದು. ನವಿರಾದ ಬಿರುಕುಗಳು ಏಳ್ತವೆ.

ಹಾಳೆ ಹಾಕಿದ ಮಾತ್ರಕ್ಕೆ ಸುಖ ಸಿಗಲ್ಲ. ಎದೆ ಮೇಲಿನ ಒತ್ತಡ ಹೋಗುತ್ತೆ ನಿಜ, ಆದರೆ ಹಾಳೆಯ ಮೇಲಂಚಿನಿಂದ ಹಾರಿದ ಗಾಳಿ ಸುಳಿಸುಳಿಯಾಗಿ ಹೆಲ್ಮೆಟ್ಟಿಗೆ ಬಡಿಯೋಕೆ ಶುರು ಮಾಡುತ್ತೆ. ಹಾಳೆಯ ಹಿಂದೆ ಗಾಳಿಯ ಒತ್ತಡ ಕಡಿಮೆ ಇರೋದ್ರಿಂದ ಮೇಲಿನ ಗಾಳಿ ಅಲ್ಲಿಗೆ ಸುತ್ತಿಕೊಂಡು ನುಗ್ಗುತ್ತೆ. ಇದಕ್ಕೆ ಬಹಳ ಜನ ಹಾಳೆಯನ್ನ ಇನ್ನೂ ಎತ್ತರ ಮಾಡ್ತಾರೆ. ನಾನು ಬುಡದಲ್ಲಿ ಎರಡು ಬೆರಳು ಜಾಗ ಬಿಟ್ಟೆ. ಕೆಳಗಿನಿಂದ ನುಗ್ಗೋ ಗಾಳಿ ಆ ಖಾಲಿಯನ್ನ ತುಂಬುತ್ತೆ, ಮೇಲಿನದು ನೇರ ಹೋಗುತ್ತೆ.

ಗಾಳಿ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗೋಕೆ ಸುರಂಗ ಬೇಡ. ಬೆರಳುದ್ದದ ಉಣ್ಣೆ ದಾರಗಳನ್ನ ಹಾಳೆಗೆ, ಟ್ಯಾಂಕಿಗೆ ಟೇಪಿನಲ್ಲಿ ಅಂಟಿಸಿ, ಗೆಳೆಯನ ಬೈಕಿನ ಹಿಂದಿನ ಸೀಟಿನಲ್ಲಿ ಇನ್ನೊಬ್ಬನನ್ನ ಕೂರಿಸಿ ಪಕ್ಕದಿಂದ ವಿಡಿಯೋ ಮಾಡಿಸಿ. ದಾರ ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಗಾಳಿ ನೀಟಾಗಿ ಹರೀತಿದೆ. ಪಟಪಟ ಒದ್ದಾಡ್ತಿದ್ದರೆ ಅಲ್ಲಿ ಸುಳಿ ಇದೆ. ವಿಮಾನ ಪರೀಕ್ಷೆ ಮಾಡೋರದ್ದೂ ಇದೇ ದಾರ.

ಎದುರುಗಾಳಿಗೆ ನನ್ನ ದಾರಗಳು ಈಗ ಮಲಗ್ತವೆ. ಅಡ್ಡಗಾಳಿಯದು ಬೇರೆ ಲೆಕ್ಕ. ಚಿತ್ರದುರ್ಗದ ಹತ್ತಿರ, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗೋ ಜಾಗದಲ್ಲಿ, ದಾರಗಳೆಲ್ಲ ಒಮ್ಮೆಲೇ ಒಂದು ಪಕ್ಕಕ್ಕೆ ಎದ್ದು ನಿಂತವು. ಹ್ಯಾಂಡಲ್ ಮೆಲ್ಲಗೆ ಎಳೆಯಿತು. ವೇಗ ಅರುವತ್ತಕ್ಕೆ ಇಳಿಸಿದೆ. ಮನೆಗೆ ಬಂದು ಹಾಳೆಯ ಅಗಲವನ್ನ ಎರಡೂ ಕಡೆ ಒಂದೊಂದು ಅಂಗುಲ ಕತ್ತರಿಸಿದ್ದೇನೆ. ದಾರಗಳನ್ನ ಇನ್ನೂ ಕಿತ್ತಿಲ್ಲ.